ಬೆನ್ನಿಗೆಟುಕದ ಸೊಪ್ಪು

ಟೂ ಹಾರ್ಬರ್ಸ್, ಮಿನೆಸೊಟಾ
8 ಸೆಪ್ಟೆಂಬರ್ 1979

ಪ್ರೀತಿಯ ರೇಯ್ನೋ,

ನೀನು ನಗುತ್ತೀಯ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಾನು ಮತ್ತೆ ಶಾಲೆಗೆ ಸೇರಿದ್ದೇನೆ. ದಿನಾ ಮಕ್ಕಳಿಗೆ ಸೂಪ್ ಬಡಿಸುವ ಅದೇ ಶಾಲೆ. ಆದರೆ ಮಂಗಳವಾರ ಸಂಜೆ ಸೌಟು ತೊಳೆದಿಟ್ಟು ಮೇಲಿನ ಕೋಣೆಗೆ ಹೋಗಿ ಮಕ್ಕಳ ಬೆಂಚಿನಲ್ಲಿ ಕೂರುತ್ತೇನೆ. ದೊಡ್ಡವರಿಗೆ ಕಥೆ ಬರೆಯುವುದನ್ನು ಹೇಳಿಕೊಡುತ್ತಾರೆ. ಹೇಳಿಕೊಡುವ ಮಿಸ್ ಪ್ರೆಂಟಿಸ್ ಡುಲುತ್‌ನಿಂದ ಬರುತ್ತಾರೆ. ಸಣ್ಣಗಿದ್ದಾರೆ, ಊಟ ಸರಿಯಾಗಿ ಮಾಡುವವರಲ್ಲ ಅನಿಸುತ್ತದೆ, ಆದರೆ ತಲೆ ಗಟ್ಟಿ.

ಅವರು ಮೊದಲ ದಿನವೇ ಹೇಳಿದರು: "ಬಾಯಿಬಿಟ್ಟು ಹೇಳೋಕಾಗದ್ದನ್ನ ಒಂದು ವಸ್ತುವಿನ ಕೈಗೆ ಕೊಡಿ. ಆದ್ರೆ ಅದು ಮೊದಲು ವಸ್ತುವಾಗಿರ್ಬೇಕು. ಬೂಟು ಅಂದ್ರೆ ಮೊದಲು ಬೂಟು, ಅದರೊಳಗೆ ಕಾಲು ಹೋಗ್ಬೇಕು. ಕಥೆಯಲ್ಲಿ ಅದು ಮತ್ತೆ ಮತ್ತೆ ಬರಲಿ, ಬಂದಾಗಲೆಲ್ಲ ಒಂಚೂರು ಬದಲಾಗಿರಲಿ. ಅದರ ಅರ್ಥ ಏನು ಅಂತ ಮಾತ್ರ ನೀವು ಹೇಳೋ ಹಾಗಿಲ್ಲ." ಇನ್ನೊಂದು ನಿಯಮವೂ ಇದೆ. ಒಬ್ಬರ ಕಥೆಯನ್ನು ಉಳಿದವರು ಚರ್ಚೆ ಮಾಡುವಾಗ ಬರೆದವರು ತುಟಿ ಬಿಚ್ಚಬಾರದು. ಯಾರು ಏನೇ ಅಂದರೂ ಗೋಡೆಯ ಹಾಗೆ ಕೂತಿರಬೇಕು.

ನಾನು ನಮ್ಮ ಸೌನಾದಲ್ಲಿ ಹಬೆಸ್ನಾನ ಮಾಡುವಾಗ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪನ್ನು ಆರಿಸಿಕೊಂಡೆ. ಕಥೆಯಲ್ಲಿ ಒಬ್ಬ ಹೆಂಗಸಿದ್ದಾಳೆ. ಜೂನಿನಲ್ಲಿ ಎಲೆ ಎಳೆಯದಾಗಿರುವಾಗ ಕೊಂಬೆ ಕಡಿದು ಕಟ್ಟು ಕಟ್ಟುತ್ತಾಳೆ. ಎರಡೆರಡು ಕಟ್ಟನ್ನು ಒಂದೇ ದಾರದಲ್ಲಿ ಜೋಡಿಸಿ ಅಟ್ಟದ ಗಳುವಿನ ಮೇಲೆ ಒಣಗಲು ಹಾಕುತ್ತಾಳೆ, ನಾವು ಮಾಡುವ ಹಾಗೆಯೇ. ಪ್ರತಿ ಶನಿವಾರ ಒಂದನ್ನು ಬಿಚ್ಚಿಕೊಂಡು ಹಬೆಯಲ್ಲಿ ಕೂತು ಕೈಗೆ, ಭುಜಕ್ಕೆ, ಕಾಲಿಗೆ ಬಡಿದುಕೊಳ್ಳುತ್ತಾಳೆ. ಬೆನ್ನಿಗೆ ಎಟುಕುವುದಿಲ್ಲ. ಚಳಿ ಶುರುವಾಗುವ ಹೊತ್ತಿಗೆ ಗಳುವಿನ ಮೇಲೆ ಜೋಡಿ ಕಳೆದುಕೊಂಡ ಕಟ್ಟುಗಳೇ ಸಾಲಾಗಿ ತೂಗುತ್ತಿರುತ್ತವೆ. ಅಷ್ಟೇ ಕಥೆ.

ತರಗತಿಯಲ್ಲಿ ನಮ್ಮವರೆಂದು ಇರುವುದು ನಾನೊಬ್ಬಳೇ, ಸೊಪ್ಪಿನಿಂದ ಬಡಿದುಕೊಳ್ಳುವುದು ಮೈಗೆ ಹಿತವೆಂದು ಉಳಿದವರಿಗೆ ಗೊತ್ತಿಲ್ಲ. ಶಿಕಾಗೋದಿಂದ ಬಂದಿರುವ ಡಾಕ್ಟರರ ಹೆಂಡತಿ ಮಿಸೆಸ್ ಹ್ಯಾಲೊರನ್ ಕಣ್ಣೊರೆಸಿಕೊಂಡು, "ಪಾಪ, ತನ್ನ ಮೈಗೆ ತಾನೇ ಹೊಡ್ಕೋತಾಳೆ ಅಂದ್ರೆ ಆ ಗಂಡ ಎಷ್ಟು ಹೊಡೆದಿರ್ಬೇಕು ನೋಡಿ" ಎಂದರು. ಉಳಿದವರು ಹೌದೆಂದು ತಲೆಯಾಡಿಸಿದರು. ನಾನು ಗೋಡೆ. ನಿನ್ನನ್ನು ಹಿಡಿದು ಜೈಲಿಗೆ ಹಾಕುವುದೊಂದು ಬಾಕಿ. ತರಗತಿ ಮುಗಿದ ಮೇಲೆ ಮಿಸ್ ಪ್ರೆಂಟಿಸ್ ಪಕ್ಕಕ್ಕೆ ಕರೆದು, "ಹೆಲ್ಮಿ, ಮನೇಲಿ ಎಲ್ಲಾ ಸರಿಯಿದೆಯಾ?" ಎಂದು ಮೆಲ್ಲಗೆ ಕೇಳಿದರು. "ಗಂಡ ಮನೇಲೇ ಇಲ್ಲ" ಅಂದೆ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಕಥೆಯ ಒಂದು ಪ್ರತಿ ಇದರ ಜೊತೆಗಿದೆ. ಓದು. ಈ ವರ್ಷ ನಿನ್ನ ಹಡಗನ್ನು ಕೆಳಗಿನ ಸರೋವರಗಳಿಗೇ ಹಾಕಿಬಿಟ್ಟರು, ನಮ್ಮ ಕಡೆಗೆ ಒಮ್ಮೆಯೂ ಬರಲಿಲ್ಲ. ಅದಿರು ತುಂಬಿಸಿಕೊಳ್ಳಲು ನಮ್ಮೂರ ಕಟ್ಟೆಗೆ ಬೇರೆಯವರ ಗಂಡಂದಿರ ಹಡಗುಗಳು ಬಂದು ಹೋಗುವುದನ್ನು ಕಿಟಕಿಯಿಂದ ನೋಡುತ್ತೇನೆ. ಕೆಲವು ದಿನ ಪರದೆ ಎಳೆದುಬಿಡುತ್ತೇನೆ.

ನಿನ್ನ ಹೆಲ್ಮಿ


ಹ್ಯೂರನ್ ಸರೋವರ
17 ಸೆಪ್ಟೆಂಬರ್ 1979

ಪ್ರೀತಿಯ ಹೆಲ್ಮಿ,

ನಿನ್ನ ಕಾಗದ ಡೆಟ್ರಾಯಿಟ್ ನದಿಯಲ್ಲಿ ಸಿಕ್ಕಿತು. ಅಂಚೆಯ ದೋಣಿ ಪಕ್ಕಕ್ಕೆ ಬಂದಾಗ ನಾವು ಬಕೆಟ್ ಇಳಿಬಿಟ್ಟೆವು, ಅದರಲ್ಲಿ ನಿನ್ನ ದಪ್ಪ ಲಕೋಟೆ ಮೇಲಕ್ಕೆ ಬಂತು. ಅಡುಗೆಯ ಸ್ಟಾಶ್ ಹಗ್ಗ ಎಳೆಯುತ್ತಿದ್ದ. "ಇಷ್ಟು ದಪ್ಪ ಇದೆ, ಡೈವೋರ್ಸೇ ಇರ್ಬೇಕು" ಅಂದ. ಕಥೆ ಅಂದೆ. ಅವನು ಬಿಡಬೇಕಲ್ಲ, ಊಟದ ಕೋಣೆಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದ. ಚೆನ್ನಾಗಿ ಓದುತ್ತಾನೆ, ಸೂಪು ಮಾಡುವುದಕ್ಕಿಂತ ಚೆನ್ನಾಗಿ. ಯಂತ್ರಗಳಿಗೆ ಎಣ್ಣೆ ಹಾಕುವ ಹುಡುಗರೂ ತಟ್ಟೆ ಸದ್ದು ಮಾಡದೆ ಕೇಳಿದರು. ನನಗೆ ಹೆಮ್ಮೆಯಾಯಿತು.

ಒಂದೆರಡು ತಪ್ಪಿವೆ. ಒಣಗಿದ ಕಟ್ಟನ್ನು ಬಿಸಿನೀರಿನಲ್ಲಿ ನೆನೆಸದೆ ಯಾರೂ ಬಳಸುವುದಿಲ್ಲ, ನೀನು ಅದನ್ನು ಬರೆದಿಲ್ಲ. ಅಟ್ಟದಲ್ಲಿ ಅಷ್ಟು ಕಾಲ ಬಿಟ್ಟರೆ ಎಲೆ ಉದುರುತ್ತದೆ. ಬೆನ್ನಿಗೆ ಎಟುಕದಿರುವುದಕ್ಕೆ ಅಷ್ಟೊಂದು ಸಂಕಟಪಡಬೇಕಾಗಿಲ್ಲ. ಮೇಪಲ್ ಕೋಲು ಒಂದು ತೋಳುದ್ದ ಕಡಿದು, ತುದಿಯಲ್ಲಿ ಸೀಳಿ, ಕಟ್ಟಿನ ಬುಡವನ್ನು ಅದರೊಳಗೆ ತೂರಿಸಿ ತಂತಿಯಿಂದ ಬಿಗಿಯಬೇಕು. ತಂತಿಯ ತುದಿ ಒಳಗೆ ಮಡಚು, ಇಲ್ಲದಿದ್ದರೆ ಬೆನ್ನು ಗೀರುತ್ತದೆ. ಕೋಲು ನಮ್ಮ ಕೊಟ್ಟಿಗೆಯಲ್ಲೇ ಇವೆ, ಹುಲ್ಲು ಕತ್ತರಿಸುವ ಯಂತ್ರದ ಹಿಂದೆ.

ಇನ್ನೊಂದು ವಿಷಯ. ನಮ್ಮೂರ ಅದಿರಿನ ಕಟ್ಟೆಯ ಮೇಸ್ತ್ರಿ ಸುಲೋ ಕಾಗದ ಬರೆದಿದ್ದಾನೆ. ಬರುವ ವಸಂತದಿಂದ ಅಲ್ಲೊಂದು ಕೆಲಸ ಖಾಲಿಯಾಗುತ್ತದಂತೆ, ನನಗೆಂದು ಹಿಡಿದಿಟ್ಟಿದ್ದಾನೆ. ಅಕ್ಟೋಬರ್ ಮಧ್ಯದೊಳಗೆ ಹೇಳಬೇಕು. ದಿನಾ ಸಂಜೆ ಮನೆಗೆ ಬರುವ ಕೆಲಸ. ಇಷ್ಟು ವರ್ಷ ಚುಕ್ಕಾಣಿ ಹಿಡಿದ ಕೈ ಅಲ್ಲಿ ಏನು ಮಾಡುತ್ತದೋ ಗೊತ್ತಿಲ್ಲ. ನಿನಗೇನನಿಸುತ್ತದೆ?

ರೇಯ್ನೋ


ಟೂ ಹಾರ್ಬರ್ಸ್
26 ಸೆಪ್ಟೆಂಬರ್ 1979

ಪ್ರೀತಿಯ ರೇಯ್ನೋ,

ಮೇಪಲ್ ಕೋಲು ಸಿಕ್ಕಿತು. ತಂತಿಯ ತುದಿಯನ್ನೂ ಒಳಗೆ ಮಡಚಿದೆ. ನಿನ್ನಷ್ಟು ಉಪಕಾರಿಯಾದ ಓದುಗ ನಮ್ಮ ತರಗತಿಯಲ್ಲಿ ಒಬ್ಬನೂ ಇಲ್ಲ. ಒಬ್ಬಳು ಹೆಂಗಸು ಬೆನ್ನಿಗೆ ಎಟುಕುವುದಿಲ್ಲ ಎಂದು ಪುಟಗಟ್ಟಲೆ ಬರೆದರೆ ಬಡಗಿ ಕೆಲಸ ಹೇಳಿಕೊಡುವವನು ನೀನೇ ಸೈ. ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಪಾತ್ರೆ ತೊಳೆಯುವಾಗ ಒಂದು ಲೋಟ ಒಡೆದೆ. ನಿನ್ನ ನೀಲಿ ಲೋಟವಲ್ಲ, ಹೆದರಬೇಡ.

ಕಟ್ಟೆಯ ಕೆಲಸದ ವಿಷಯ ನಿನಗೆ ಬಿಟ್ಟದ್ದು. ನಿನ್ನ ಕೆಲಸದಲ್ಲಿ ತಲೆ ಹಾಕುವುದಿಲ್ಲ ಎಂದು ಮದುವೆಯ ಹಿಂದಿನ ದಿನ ನಿನ್ನಮ್ಮನಿಗೆ ಮಾತು ಕೊಟ್ಟಿದ್ದೆ. ಅವರಿದ್ದಾಗ ಮುರಿಯಲಿಲ್ಲ, ಈಗಲೂ ಮುರಿಯುವುದಿಲ್ಲ. ನಿನಗೆ ಏನು ಸರಿಯೆನಿಸುತ್ತದೋ ಅದನ್ನು ಮಾಡು.

ಕಥೆಯನ್ನು ಮಾತ್ರ ಮತ್ತೆ ಬರೆದಿದ್ದೇನೆ. ನೆನೆಸುವುದನ್ನು ಸೇರಿಸಿದೆ, ಎಲೆ ಉದುರುವುದನ್ನೂ. ನಿನ್ನ ಕೋಲನ್ನೂ ಸೇರಿಸಿದೆ. ಈಗ ಕೊನೆ ಹೀಗಿದೆ: "ಆ ಶನಿವಾರ ಅವಳು ಜೋಡಿಯಿಲ್ಲದ ಕಟ್ಟೊಂದನ್ನು ಕೆಳಗಿಳಿಸಿ ಉದ್ದ ಕೋಲಿಗೆ ಬಿಗಿದಳು. ಸೊಪ್ಪು ಬೆನ್ನಿಗೆ ಎಟುಕಿತು. ಇನ್ನು ಯಾರನ್ನೂ ಕಾಯಬೇಕಾಗಿರಲಿಲ್ಲ."

ನಿನ್ನೆ ಓದಿದೆ. ಈ ಸಲ ಯಾರೂ ಅಳಲಿಲ್ಲ, ಚಪ್ಪಾಳೆ ತಟ್ಟಿದರು. ಮಿಸೆಸ್ ಹ್ಯಾಲೊರನ್ ಅಂತೂ, "ಆ ಕೋಲೇ ಅವಳ ಬಿಡುಗಡೆ, ಭೇಷ್" ಎಂದು ನನ್ನ ಕೈ ಹಿಸುಕಿದರು. ಮಿಸ್ ಪ್ರೆಂಟಿಸ್ ಮಾತ್ರ ಕಾಗದದ ಮೇಲೆ ಪೆನ್ಸಿಲ್ ಆಡಿಸುತ್ತಿದ್ದರು. ನಾನು ನಿಯಮದ ಪ್ರಕಾರ ಬಾಯಿ ಮುಚ್ಚಿಕೊಂಡಿದ್ದೆ. ನಿನ್ನ ಮುಂದೆಯೂ ಬಿಡಿಸಿ ಹೇಳುವುದಿಲ್ಲ. ನಿಧಾನವಾಗಿ ಓದು, ಸ್ಟಾಶ್‌ನ ಕೈಗೆ ಕೊಡುವ ಮೊದಲು ನೀನೊಬ್ಬನೇ ಓದು. ನಾನು ಹೇಳಬೇಕಾದದ್ದು ಅದರಲ್ಲಿದೆ.

ಹೆಲ್ಮಿ


ಕಾನಿಯಟ್ ಬಂದರು, ಓಹಾಯೊ
8 ಅಕ್ಟೋಬರ್ 1979

ಹೆಲ್ಮಿ,

ಕಥೆ ಸಿಕ್ಕಿತು. ನೀನು ಹೇಳಿದಂತೆ ಮೊದಲು ಒಬ್ಬನೇ ಓದಿದೆ. ಆಮೇಲೆ ಸ್ಟಾಶ್ ಕಿತ್ತುಕೊಂಡು ಎಲ್ಲರಿಗೂ ಓದಿದ. ಓದಿ ಮುಗಿಸಿದಾಗ ಯಾರೂ ತಮಾಷೆ ಮಾಡಲಿಲ್ಲ. ಸ್ಟಾಶ್ ತಟ್ಟೆಗಳನ್ನು ಎತ್ತಿಡುತ್ತಾ, "ಆಯಮ್ಮ ಒಬ್ಬಳೇ ಇರೋದನ್ನ ಕಲ್ತ್ಕೊಂಡ್ಳು ಬಿಡಪ್ಪ" ಅಂದ. ಕಥೆಯ ಹೆಂಗಸಿನ ಬಗ್ಗೆ ಮಾತ್ರ ಹೇಳುತ್ತಿರುವ ಹಾಗೆ, ನನ್ನ ಕಡೆ ನೋಡದೆ ಅಂದ.

ಕೋಲು ಕೆಲಸಕ್ಕೆ ಬಂದದ್ದು ಒಳ್ಳೆಯದಾಯಿತು.

ಸುಲೋಗೆ ಇಲ್ಲ ಎಂದು ಇಲ್ಲಿಂದ ಫೋನ್ ಮಾಡಿ ಹೇಳಿದೆ. ಈ ಚಳಿಗಾಲ ನೀರು ಹೆಪ್ಪುಗಟ್ಟಿದಾಗ ಹಡಗನ್ನು ಟೊಲೆಡೋದಲ್ಲಿ ನಿಲ್ಲಿಸಿ ಎಲ್ಲರೂ ಮನೆಗೆ ಹೋಗುತ್ತಾರೆ. ಬಾಯ್ಲರ್ ನೋಡಿಕೊಂಡು ಕಾವಲಿರಲು ಒಬ್ಬ ಬೇಕಂತೆ. ನಾನು ಇರುತ್ತೇನೆ ಅಂದಿದ್ದೇನೆ, ಬರುವ ತಿಂಗಳು ಸಹಿ ಹಾಕಬೇಕು. ನಿನಗೂ ನಿನ್ನ ತರಗತಿ ಇದೆ. ನಾನು ಬಂದು ಅಡುಗೆಮನೆಯ ತುಂಬ ಕಾಲು ಚಾಚಿ ಕೂತು ನಿನ್ನ ಬರವಣಿಗೆ ಕೆಡಿಸುವುದು ಯಾಕೆ?

ಸೌನಾದ ಹೊಗೆಕೊಳವೆಯನ್ನು ಒಮ್ಮೆ ಗುಡಿಸಿಬಿಡು.

ರೇಯ್ನೋ


ಎಸ್ಕನಾಬಾ, ಮಿಷಿಗನ್
20 ಅಕ್ಟೋಬರ್ 1979

ಹೆಲ್ಮಿ,

ಮೊನ್ನೆ ಹ್ಯೂರನ್ ಸರೋವರದ ನಡುವೆ ಕ್ಯಾಪ್ಟನ್ ಲ್ಯಾಂಡ್ರಿ ನನ್ನನ್ನು ಚುಕ್ಕಾಣಿ ಬಿಡಿಸಿ, "ನಿನಗೆ ರೇಡಿಯೋ ಫೋನ್ ಬಂದಿದೆ, ನಿನ್ನ ಹೆಂಡ್ತಿ ಅಂತೆ" ಎಂದಾಗ ನಾನು ಮೊದಲು ಟೋಪಿ ತೆಗೆದೆ. ಆ ಫೋನಿನಲ್ಲಿ ಮನೆಯವರು ಕರೆಯುವುದು ಯಾರಾದರೂ ಸತ್ತಾಗ ಮಾತ್ರ. ಅದರಲ್ಲಿ ಆಡಿದ ಮಾತು ಆ ನೀರಿನ ಮೇಲಿರುವ ಹಡಗುಗಳಿಗೆಲ್ಲ ಕೇಳಿಸುತ್ತದೆಂದು ನಿನಗೆ ಗೊತ್ತಿತ್ತಲ್ಲವೇ?

ನಾನು ಏನು ಮಾತಾಡಿದೆನೋ ನನಗೇ ಸರಿಯಾಗಿ ನೆನಪಿಲ್ಲ. ಸ್ಟಾಶ್ ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದಾನೆ. ಈಗ ದಿನಕ್ಕೆ ಮೂರು ಹೊತ್ತೂ ನಾಟಕ ಆಡಿ ತೋರಿಸುತ್ತಾನೆ. ಅವನ ಪ್ರಕಾರ ಹೀಗೆ:

"ರೇಯ್ನೋ, ಕೇಳಿಸ್ತಿದೆಯಾ? ಓವರ್."

"ಕೇಳಿಸ್ತಿದೆ. ಯಾರು ಹೋದ್ರು? ಓವರ್."

"ಯಾರೂ ಹೋಗಿಲ್ಲ. ನನಗೆ ಆ ಹಾಳು ಕೋಲು ಬೇಡ. ನೀನು ಬೇಕು. ಟೊಲೆಡೋಗೆ ಹೋಗ್ಬೇಡ, ಮನೆಗೆ ಬಾ. ಬಂದು ದಡದಲ್ಲೇ ಇರು. ಓವರ್."

ಆಮೇಲೆ ನಾನು, "ಇಲ್ಲಿ ವಾಯುವ್ಯದ ಗಾಳಿ ಇದೆ. ಅಲೆ ಪರವಾಗಿಲ್ಲ. ಓವರ್" ಅಂದೆನಂತೆ.

ನೀನು ಏನೋ ಹೇಳುವಷ್ಟರಲ್ಲಿ ಯಾವುದೋ ಹಡಗಿನವನು ನಡುವೆ ಬಾಯಿ ಹಾಕಿದ: "ಯಾವ ಗಾಳಿನಯ್ಯಾ? ಹೆಂಡ್ತಿಗೆ ಉತ್ತರ ಕೊಡು. ಓವರ್." ಇನ್ನೊಬ್ಬ, "ನಿಂಗೆ ಹೋಗೋಕೆ ಮನಸ್ಸಿಲ್ದಿದ್ರೆ ಹೇಳು, ನಾನು ಹೋಗ್ತೀನಿ" ಅಂದ. ಅಷ್ಟರಲ್ಲಿ ಸಂಪರ್ಕ ಕಡಿದುಹೋಯಿತು.

ಹೆಲ್ಮಿ, ನಾನು ಹೇಳಬೇಕೆಂದಿದ್ದದ್ದು ಗಾಳಿಯ ವಿಷಯವಲ್ಲ. ಆ ಕಥೆ ಓದಿದ ಮೇಲೆ ಪಾಳಿ ಮುಗಿದರೂ ಮಲಗಲು ಆಗುತ್ತಿರಲಿಲ್ಲ. ಕಟ್ಟೆಯ ಕೆಲಸ ಒಪ್ಪಿಕೊಳ್ಳಬೇಕೆಂದೇ ಇದ್ದೆ. ನೀನು ಹೂಂ ಅನ್ನಲಿ ಎಂದು ಕಾಯುತ್ತಿದ್ದೆ, ನೀನು 'ನಿನಗೆ ಬಿಟ್ಟದ್ದು' ಎಂದೆ. ಕಥೆಯಲ್ಲಿ ಯಾರನ್ನೂ ಕಾಯಬೇಕಾಗಿಲ್ಲ ಎಂದು ನೀನೇ ಬರೆದೆ. ನಿನಗೆ ನನ್ನ ಅಭ್ಯಾಸ ತಪ್ಪಿದೆ, ಹೋದರೆ ಹೊರೆಯಾಗುತ್ತೇನೆ ಎಂದುಕೊಂಡೆ. ಅಪ್ಪ ಸತ್ತಾಗ ಬಿಟ್ಟರೆ ನಾನು ಅಷ್ಟು ನೊಂದದ್ದು ಆಗಲೇ.

ಇಲ್ಲಿಗೆ ಬಂದು ಹಡಗು ಕಟ್ಟಿದ ಕೂಡಲೇ ಸುಲೋಗೆ ಫೋನ್ ಮಾಡಿದೆ. ಕೆಲಸ ಬೇರೆಯವರಿಗೆ ಹೋಗಿದೆ. "ನೀನೇ ಬೇಡ ಅಂದ್ಯಲ್ಲ, ಇನ್ನೆಷ್ಟು ದಿನ ಕಾಯ್ಲಿ ಮಾರಾಯ?" ಅಂದ. ಅವನದೇನೂ ತಪ್ಪಿಲ್ಲ. ಇನ್ನು ನನ್ನ ವಯಸ್ಸಿನವನಿಗೆ ದಡದಲ್ಲಿ ಯಾರು ಕೆಲಸ ಕೊಡುತ್ತಾರೆ? ಟೊಲೆಡೋ ಬಿಟ್ಟರೆ ಬರೀಗೈಯಲ್ಲಿ ಬರಬೇಕು. ಬೇಸರವಾದಾಗ ನಾನು ಎಂಥ ಮನುಷ್ಯನೆಂದು ನಿನಗೆ ಗೊತ್ತು. ಅಂಥವನು ದಿನವಿಡೀ ಮನೆಯಲ್ಲಿದ್ದರೆ ನಡೆಯುತ್ತದೆಯೇ? ಸರಿಯಾಗಿ ಯೋಚಿಸಿ ಹೇಳು. ಈ ಸಲ ಕಥೆ ಬೇಡ.

ರೇಯ್ನೋ


ಟೂ ಹಾರ್ಬರ್ಸ್
31 ಅಕ್ಟೋಬರ್ 1979

ಪ್ರೀತಿಯ ರೇಯ್ನೋ,

ಗೊತ್ತಿತ್ತು. ಎಲ್ಲ ಹಡಗುಗಳಿಗೂ ಕೇಳಿಸುತ್ತದೆಂದು ಗೊತ್ತಿದ್ದೇ ಕರೆದೆ. ನಿನ್ನ ಟೊಲೆಡೋ ಕಾಗದ ಬಂದಾಗ ಹಿಟ್ಟು ನಾದುತ್ತಿದ್ದೆ, ಹಿಟ್ಟಿನ ಕೈಯಲ್ಲೇ ಆಪರೇಟರಳಿಗೆ ಫೋನ್ ಮಾಡಿದೆ. ಆ ಹುಡುಗಿ, "ಮೇಡಂ, ಇದು ತುರ್ತು ವಿಷಯವೇ?" ಎಂದು ಕೇಳಿದಳು. "ನನ್ನ ಗಂಡ ನನ್ನ ಕಥೆ ತಪ್ಪಾಗಿ ಓದಿದ್ದಾನೆ" ಅಂದೆ. ಅವಳು ಏನಂದುಕೊಂಡಳೋ, ಸಂಪರ್ಕ ಕೊಟ್ಟಳು.

ನಿನ್ನೆ ತರಗತಿಯಲ್ಲಿ ನಿಯಮ ಮುರಿದೆ. ಮಿಸೆಸ್ ಹ್ಯಾಲೊರನ್ ಮತ್ತೆ ಬಿಡುಗಡೆ ಎಂದು ಶುರುಮಾಡಿದಾಗ ಎದ್ದು ನಿಂತು, "ಅದು ಬಿಡುಗಡೆ ಅಲ್ಲ ಕಣಮ್ಮ. ಗಂಡನ ಕೈ ಇರಬೇಕಾದ ಜಾಗದಲ್ಲಿ ಒಂದು ಕೋಲಿದೆ. ಅದಕ್ಕಿಂತ ದುಃಖದ ವಸ್ತು ನನ್ನ ಮನೇಲಿ ಇನ್ನೊಂದಿಲ್ಲ" ಅಂದೆ. ಮಿಸೆಸ್ ಹ್ಯಾಲೊರನ್ ನೆಲ ನೋಡಿದರು, ಆಮೇಲೆ, "ನನ್ನ ಯಜಮಾನರೂ ಹಗಲೂ ರಾತ್ರಿ ಆಸ್ಪತ್ರೇಲೇ ಇರ್ತಾರೆ" ಎಂದರು. ಬಿಡುಗಡೆ ಎಂದು ಅವರು ಯಾಕೆ ಅಷ್ಟು ಹಾರೈಸುತ್ತಿದ್ದರೋ ನನಗೆ ಆಗ ಹೊಳೆಯಿತು.

ಮಿಸ್ ಪ್ರೆಂಟಿಸ್ ಗದರಲಿಲ್ಲ. "ಹೆಲ್ಮಿ, ನಿಮ್ಮ ಕೋಲು ಸುಳ್ಳು ಹೇಳ್ಲಿಲ್ಲ. ಅದರ ಕೆಳಗೆ ನೀವು ಬರೆದ ವಾಕ್ಯ ಸುಳ್ಳು ಹೇಳ್ತು" ಎಂದರು. ಹೌದು. ಯಾರನ್ನೂ ಕಾಯಬೇಕಾಗಿರಲಿಲ್ಲ ಎಂದು ಬರೆದದ್ದು ಸಿಟ್ಟಿನಿಂದ. ಬಡಗಿ ಕೆಲಸ ಹೇಳಿಕೊಟ್ಟ ನಿನ್ನ ಮೇಲಿನ ಸಿಟ್ಟು. ನೀನು ಅದನ್ನು ನಂಬುತ್ತೀಯ ಎಂದು ಹೇಗೆ ಗೊತ್ತಾಗಬೇಕಿತ್ತು? ಆ ಸಾಲನ್ನು ಹೊಡೆದುಹಾಕಿದ್ದೇನೆ.

ಮದುವೆಯ ಹಿಂದಿನ ದಿನ ನಿನ್ನಮ್ಮ ಅಂದಿದ್ದು ಇಷ್ಟು: "ಹಡಗಿನವನನ್ನ ದಡಕ್ಕೆ ಕರೀಬೇಡ. ಕರೆದ್ರೆ ಬರ್ತಾನೆ, ಬಂದು ಕಿಟಕಿ ಹತ್ರ ಕೂತ್ಬಿಡ್ತಾನೆ." ಅದಕ್ಕೆ ಹೆದರಿ ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದೆ. ಈಗ ಕಿಟಕಿ ಹತ್ತಿರ ಕೂತಿರುವವಳು ನಾನೇ. ನೀನೂ ಬಂದು ಕೂತರೆ ಇಬ್ಬರಾಗುತ್ತೇವೆ. ಕೆಲಸ ಹೋದರೆ ಹೋಗಲಿ. ಮುಖ ಗಂಟಿಕ್ಕಿಕೊಂಡು ಕೂತರೂ ಸರಿ, ಅಡುಗೆಮನೆಯ ತುಂಬ ಕಾಲು ಚಾಚಿದರೂ ಸರಿ, ದಾಟಿಕೊಂಡು ಓಡಾಡುತ್ತೇನೆ. ಜಗಳವಾಡೋಣ. ನನಗೆ ನಿನ್ನ ಜೊತೆ ಜಗಳವಾಡಿಯೇ ಎಷ್ಟು ಕಾಲವಾಯಿತು. ನೀನಿಲ್ಲದೆ ನನಗೆ ಆಗುವುದಿಲ್ಲ, ರೇಯ್ನೋ. ಟೊಲೆಡೋ ಕಾಗದಕ್ಕೆ ಸಹಿ ಹಾಕಬೇಡ.

ಹೆಲ್ಮಿ


ಡೆಟ್ರಾಯಿಟ್ ನದಿ
9 ನವೆಂಬರ್ 1979

ನನ್ನ ಹೆಲ್ಮಿ,

ನಿನ್ನ ಕಾಗದ ಈಗ ತಾನೇ ಬಂತು. ಉತ್ತರವನ್ನು ಅದೇ ದೋಣಿಗೆ ಕೊಡಬೇಕೆಂದು ನಿಂತಲ್ಲೇ ಬರೆಯುತ್ತಿದ್ದೇನೆ. ಸ್ಟಾಶ್ ಕೈ ಚಾಚಿದ. ಕೊಡಲಿಲ್ಲ. "ಇದ್ರಲ್ಲಿ ಬಿಡಿಸಿ ಹೇಳೋದು ಏನೂ ಇಲ್ಲ ಕಣೋ" ಅಂದೆ.

ಓದಿದ ಕೂಡಲೇ ಕ್ಯಾಪ್ಟನ್ ಹತ್ತಿರ ಓಡಿಹೋಗಿ ಟೊಲೆಡೋಗೆ ಬೇರೆಯವರನ್ನು ನೋಡಿಕೊಳ್ಳಿ, ವಸಂತಕ್ಕೂ ನಾನು ಬರುವುದಿಲ್ಲ ಎಂದೆ. ಕಾರಣ ಏನು ಬರೆಯಲಿ ಎಂದು ಕೇಳಿದರು. "ಮನೇಲಿ ಕರೀತಿದ್ದಾಳೆ" ಅಂದೆ. "ಅದು ನಮ್ಗೆಲ್ಲಾ ಕೇಳಿಸ್ತು" ಅಂದರು.

ಈ ಋತುವಿನ ಅದಿರು ಸಾಗಿಸಿ ಮುಗಿಯುವವರೆಗೆ ಬಿಡುವಂತಿಲ್ಲ. ನೀರು ಹೆಪ್ಪುಗಟ್ಟಿ ದಾರಿ ಮುಚ್ಚಿದಾಗಲೇ ಬಿಡುಗಡೆ. ಹಡಗಿನವರು ಹಿಮಕ್ಕೆ ಹೆದರುತ್ತಾರೆ, ಅದರ ಹೆಸರನ್ನೂ ಎತ್ತುವುದಿಲ್ಲ. ನಾನು ಮಾತ್ರ ದಿನಾ ಬೆಳಿಗ್ಗೆ ಎದ್ದ ಕೂಡಲೇ ಕಟಕಟೆಯ ಹತ್ತಿರ ಹೋಗಿ ನೀರಿನ ಅಂಚಿನಲ್ಲಿ ಹಿಮ ಕಟ್ಟಿದೆಯೇ ಎಂದು ನೋಡುತ್ತೇನೆ.

ನಿನ್ನ ರೇಯ್ನೋ